ಕೊಕ್ಕೆಗೆ ಸಿಕ್ಕ ಕರಡಿ

ಒಂದು ಕಾಲಕ್ಕೆ ರೇಡಿಯೋ ಮೇಲೆ ಹೊದಿಸುತ್ತಿದ್ದ ಕ್ರೋಶಾ ಕವರು ಯಾರಿಗೆ ನೆನಪಿಲ್ಲ? ಅದೇ ಕೊಕ್ಕೆ ಕಡ್ಡಿಯಿಂದ ಇಂದಿನ ಹೆಣ್ಣುಮಕ್ಕಳು ಕರಡಿ, ಮೊಲಗಳನ್ನು ಹೆಣೆಯುತ್ತಿದ್ದಾರೆ. ಜಪಾನೀಯರು ಇದಕ್ಕೆ ‘ಅಮಿಗುರುಮಿ’ ಎನ್ನುತ್ತಾರೆ.

ಹೊಸಬರಿಗೆ ಬೇಕಾದ ಲೆಕ್ಕ ಇಷ್ಟೇ: ಮೊದಲ ಸುತ್ತಿಗೆ 6 ಕುಣಿಕೆ, ಆಮೇಲೆ 12, 18. ಹೀಗೆ ಆರಾರು ಏರಿಸಿದರೆ ಚಪ್ಪಟೆ ಬಿಲ್ಲೆ. ಏರಿಸುವುದನ್ನು ನಿಲ್ಲಿಸಿದರೆ ಬಟ್ಟಲು. ಇಳಿಸುತ್ತ ಬಂದು ಅರಳೆ ತುಂಬಿದರೆ ಕರಡಿಯ ತಲೆ!

ಆದರೆ ಇದು ಬರೀ ಬಿಡುವಿನ ವಿದ್ಯೆಯಲ್ಲ. 1845ರಲ್ಲಿ ಆಲೂಗಡ್ಡೆಗೆ ರೋಗ ತಗುಲಿ ಐರ್ಲೆಂಡ್ ಹಸಿದಾಗ, ಕ್ರೈಸ್ತ ಸಂನ್ಯಾಸಿನಿಯರು ಕಲಿಸಿದ ಕ್ರೋಶಾ ಲೇಸು ಎಷ್ಟೋ ಮನೆಗಳ ಒಲೆ ಉರಿಸಿತು. ನೆರೆಯ ಆಂಧ್ರದ ನರಸಾಪುರಕ್ಕೆ ಈ ಕಲೆಯನ್ನು ತಂದವರು 19ನೆಯ ಶತಮಾನದ ಮಿಷನರಿಗಳು. ಅಲ್ಲಿನ ಗೃಹಿಣಿಯರು ಮನೆಗೆಲಸದ ಜೊತೆಗೆ ದಿನಕ್ಕೆ 6ರಿಂದ 8 ಗಂಟೆ ಹೆಣೆದ ಲೇಸು ವಿದೇಶಕ್ಕೆ ಹೋಗುತ್ತಿತ್ತು. ಹೆಸರು ಮಾತ್ರ ‘ಬಿಡುವಿನ ಕೆಲಸ’. ಕೂಲಿಯೂ ಹೆಸರಿಗೆ ತಕ್ಕಂತೆ. ಮರಿಯಾ ಮೀಸ್ 1982ರ ತಮ್ಮ ಪುಸ್ತಕದಲ್ಲಿ ಇದನ್ನೆಲ್ಲ ಬಿಚ್ಚಿಟ್ಟಿದ್ದಾರೆ. (ನಮ್ಮ ಕಚೇರಿಗಳಲ್ಲಿ ಓವರ್‌ಟೈಮ್ ಕೇಳುವವರು ಓದಬೇಕಾದ ಪುಸ್ತಕ.)

ಸ್ವೆಟರಿಗೆ ಯಂತ್ರ ಬಂದಿದೆ, ಕ್ರೋಶಾ ಗೊಂಬೆ ಇಂದಿಗೂ ಕೈಕೆಲಸವೇ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಕರಡಿಯ ಸುತ್ತುಗಳನ್ನೂ ಎಲ್ಲೋ ಒಬ್ಬರು ಎಣಿಸಿಯೇ ಹಾಕಿರುತ್ತಾರೆ.