ಬೆಳವಣಿಗೆಯ ಮನೋಭಾವ

ಬೆಳವಣಿಗೆಯ ಮನೋಭಾವ ಎಂದರೆ ಬುದ್ಧಿಶಕ್ತಿ, ಪ್ರತಿಭೆ ಮೊದಲಾದ ಮಾನವ ಸಾಮರ್ಥ್ಯಗಳು ಹುಟ್ಟಿನಿಂದಲೇ ನಿಗದಿಯಾದವುಗಳಲ್ಲ, ಪರಿಶ್ರಮ, ಸೂಕ್ತ ಕಲಿಕಾ ವಿಧಾನ ಮತ್ತು ಇತರರ ಮಾರ್ಗದರ್ಶನದಿಂದ ಅವುಗಳನ್ನು ಬೆಳೆಸಿಕೊಳ್ಳಬಹುದು ಎಂಬ ನಂಬಿಕೆ. ಇದಕ್ಕೆ ವಿರುದ್ಧವಾಗಿ, ಸಾಮರ್ಥ್ಯವು ಬದಲಾಗದ ಗುಣವೆಂದು ಭಾವಿಸುವುದನ್ನು ಸ್ಥಿರ ಮನೋಭಾವ ಎನ್ನುತ್ತಾರೆ. ಶಿಕ್ಷಣ ಕ್ಷೇತ್ರದಲ್ಲಿ ‘ಗ್ರೋತ್ ಮೈಂಡ್‌ಸೆಟ್’ ಎಂಬ ಹೆಸರಿನಿಂದಲೇ ಪ್ರಚಲಿತವಾಗಿರುವ ಈ ಪರಿಕಲ್ಪನೆಯನ್ನು ಅಮೆರಿಕದ ಮನೋವಿಜ್ಞಾನಿ ಕ್ಯಾರಲ್ ಡ್ವೆಕ್ ಮತ್ತು ಅವರ ಸಹೋದ್ಯೋಗಿಗಳು ರೂಪಿಸಿದರು. 2006ರಲ್ಲಿ ಪ್ರಕಟವಾದ ಡ್ವೆಕ್ ಅವರ ‘ಮೈಂಡ್‌ಸೆಟ್’ ಪುಸ್ತಕದ ಮೂಲಕ ಇದು ಜನಸಾಮಾನ್ಯರಲ್ಲಿ ಪ್ರಸಿದ್ಧವಾಯಿತು. ಶಾಲೆಗಳಲ್ಲಿ ಇದರ ಬಳಕೆ ವ್ಯಾಪಕವಾಗಿದ್ದರೂ ಅದರಿಂದ ದೊರೆಯುವ ಲಾಭ ಎಷ್ಟು ಎಂಬ ಬಗ್ಗೆ ಸಂಶೋಧಕರಲ್ಲಿ ಭಿನ್ನಾಭಿಪ್ರಾಯವಿದೆ.

ಪರಿಕಲ್ಪನೆ

ಎರಡು ಮನೋಭಾವಗಳ ನಡುವಿನ ವ್ಯತ್ಯಾಸ ಯಶಸ್ಸಿನ ಸಮಯದಲ್ಲಿ ಅಷ್ಟಾಗಿ ಕಾಣುವುದಿಲ್ಲ. ಸೋಲು ಎದುರಾದಾಗ ಸ್ಪಷ್ಟವಾಗುತ್ತದೆ. ಗಣಿತದ ಕಿರುಪರೀಕ್ಷೆಯೊಂದರಲ್ಲಿ ಇಬ್ಬರು ವಿದ್ಯಾರ್ಥಿಗಳು 25ಕ್ಕೆ 8 ಅಂಕ ಪಡೆದರು ಎಂದು ಭಾವಿಸೋಣ. ಸ್ಥಿರ ಮನೋಭಾವದ ವಿದ್ಯಾರ್ಥಿಗೆ ಆ ಅಂಕ ತನ್ನ ಬುದ್ಧಿಯ ಮೇಲಿನ ತೀರ್ಪಾಗಿ ತೋರುತ್ತದೆ. ಆದ್ದರಿಂದ ಆತ ಉತ್ತರಪತ್ರಿಕೆಯನ್ನು ಮುಚ್ಚಿಡಬಹುದು, ತನಗಿಂತ ಕಡಿಮೆ ಅಂಕ ಪಡೆದವರನ್ನು ಹುಡುಕಬಹುದು ಅಥವಾ ಗಣಿತ ತನಗೆ ಒಲಿಯದ ವಿಷಯವೆಂದು ಕೈಬಿಡಬಹುದು. ಬೆಳವಣಿಗೆಯ ಮನೋಭಾವದ ವಿದ್ಯಾರ್ಥಿಗೂ ಬೇಸರವಾಗುತ್ತದೆ. ಆದರೆ ಆತನಿಗೆ ಆ ಅಂಕ ತಾನು ಈವರೆಗೆ ಓದಿದ ರೀತಿಯ ಕುರಿತ ಮಾಹಿತಿಯಾಗಿರುತ್ತದೆ. ಯಾವ ಲೆಕ್ಕ ಎಲ್ಲಿ ತಪ್ಪಿತು ಎಂದು ನೋಡುವುದು ಆತನಿಗೆ ಸಹಜವಾಗುತ್ತದೆ.

ಈ ವ್ಯತ್ಯಾಸವನ್ನು ಸಂಶೋಧಕರು ಮುಖ್ಯವಾಗಿ ಮೂರು ಅಂಶಗಳಲ್ಲಿ ಗುರುತಿಸುತ್ತಾರೆ.

• ಗುರಿ: ಸ್ಥಿರ ಮನೋಭಾವದವರು ಜಾಣರೆಂದು ತೋರಿಸಿಕೊಳ್ಳುವ ಗುರಿಗಳತ್ತ, ಬೆಳವಣಿಗೆಯ ಮನೋಭಾವದವರು ಹೊಸದನ್ನು ಕಲಿಯುವ ಗುರಿಗಳತ್ತ ವಾಲುತ್ತಾರೆ.
• ಪರಿಶ್ರಮದ ಅರ್ಥ: ಮೊದಲನೆಯವರಿಗೆ ಹೆಚ್ಚು ಶ್ರಮ ಪಡಬೇಕಾಗಿ ಬರುವುದೇ ಪ್ರತಿಭೆಯ ಕೊರತೆಯ ಲಕ್ಷಣ, ಎರಡನೆಯವರಿಗೆ ಶ್ರಮವೇ ಸಾಮರ್ಥ್ಯವನ್ನು ಬೆಳೆಸುವ ದಾರಿ.
• ಸೋಲಿನ ಕಾರಣ: ಮೊದಲನೆಯವರು ಸೋಲಿಗೆ ತಮ್ಮ ಸಾಮರ್ಥ್ಯವನ್ನು ಹೊಣೆಯಾಗಿಸುತ್ತಾರೆ, ಎರಡನೆಯವರು ತಾವು ಅನುಸರಿಸಿದ ವಿಧಾನವನ್ನು ಮತ್ತು ಮಾಡಿದ ಪ್ರಯತ್ನವನ್ನು ಪರಿಶೀಲಿಸುತ್ತಾರೆ.

ಯಾವ ವ್ಯಕ್ತಿಯೂ ಸಂಪೂರ್ಣವಾಗಿ ಒಂದೇ ಮನೋಭಾವದವನಾಗಿರುವುದಿಲ್ಲ. ಕ್ರೀಡೆಯಲ್ಲಿ ಅಭ್ಯಾಸದ ಮಹತ್ವವನ್ನು ನಂಬುವ ವ್ಯಕ್ತಿಯೇ ಸಂಗೀತ ಅಥವಾ ಗಣಿತವನ್ನು ಹುಟ್ಟಿನಿಂದ ಬರುವ ವರವೆಂದು ತಿಳಿದಿರಬಹುದು.

ಇತಿಹಾಸ

ಬುದ್ಧಿಶಕ್ತಿ ಬದಲಾಗಬಲ್ಲದೇ ಎಂಬ ಪ್ರಶ್ನೆ ಡ್ವೆಕ್ ಅವರಿಗಿಂತ ಹಳೆಯದು. 1905ರಲ್ಲಿ ಥಿಯೊಡೋರ್ ಸಿಮೋನ್ ಅವರೊಂದಿಗೆ ಮೊದಲ ಪ್ರಾಯೋಗಿಕ ಬುದ್ಧಿಶಕ್ತಿ ಪರೀಕ್ಷೆಯನ್ನು ರಚಿಸಿದ ಫ್ರಾನ್ಸಿನ ಆಲ್ಫ್ರೆಡ್ ಬಿನೆ, ಅದನ್ನು ಶಾಲೆಯಲ್ಲಿ ವಿಶೇಷ ನೆರವು ಬೇಕಾದ ಮಕ್ಕಳನ್ನು ಗುರುತಿಸಲೆಂದು ಸಿದ್ಧಪಡಿಸಿದ್ದರು. ವ್ಯಕ್ತಿಯ ಬುದ್ಧಿಶಕ್ತಿ ಹೆಚ್ಚಿಸಲಾಗದ ನಿಶ್ಚಿತ ಪ್ರಮಾಣವೆಂಬ ವಾದವನ್ನು 1909ರ ತಮ್ಮ ಪುಸ್ತಕದಲ್ಲಿ ಅವರು ಖಂಡಿಸಿದರು. ಗಮನ, ನೆನಪು ಮತ್ತು ವಿವೇಚನೆಗಳನ್ನು ಅಭ್ಯಾಸದಿಂದ ಉತ್ತಮಗೊಳಿಸಬಹುದೆಂಬುದು ಅವರ ನಿಲುವಾಗಿತ್ತು. ಮುಂದೆ ಅದೇ ಬಗೆಯ ಪರೀಕ್ಷೆಗಳು ಮಕ್ಕಳನ್ನು ಶಾಶ್ವತವಾಗಿ ವರ್ಗೀಕರಿಸುವ ಸಾಧನವಾಗಿ ಬಳಕೆಯಾದುದು ಮನೋವಿಜ್ಞಾನದ ಇತಿಹಾಸದ ವೈರುಧ್ಯಗಳಲ್ಲೊಂದು.

1946ರಲ್ಲಿ ನ್ಯೂಯಾರ್ಕ್‌ನಲ್ಲಿ ಜನಿಸಿದ ಕ್ಯಾರಲ್ ಡ್ವೆಕ್, ಯೇಲ್ ವಿಶ್ವವಿದ್ಯಾಲಯದಿಂದ 1972ರಲ್ಲಿ ಡಾಕ್ಟರೇಟ್ ಪಡೆದರು. ಮಕ್ಕಳು ಸೋಲಿಗೆ ಹೇಗೆ ಪ್ರತಿಕ್ರಿಯಿಸುತ್ತಾರೆ ಎಂಬುದು ಅವರ ಆರಂಭದ ಆಸಕ್ತಿಯಾಗಿತ್ತು. ಕ್ಯಾರಲ್ ಡೀನರ್ ಅವರೊಂದಿಗೆ 1978ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಿಡಿಸಬಲ್ಲ ಸಮಸ್ಯೆಗಳ ನಂತರ ತೀರಾ ಕಠಿಣವಾದ ಸಮಸ್ಯೆಗಳನ್ನು ಮಕ್ಕಳಿಗೆ ಕೊಟ್ಟು, ಮನಸ್ಸಿನಲ್ಲಿ ಮೂಡುವುದನ್ನು ಬಾಯಿಬಿಟ್ಟು ಹೇಳುವಂತೆ ಸೂಚಿಸಲಾಗಿತ್ತು. ಕೆಲವು ಮಕ್ಕಳು ತಮ್ಮ ಬುದ್ಧಿಯನ್ನೇ ಹಳಿದುಕೊಂಡು, ಮೊದಲು ಸರಿಯಾಗಿ ಬಳಸುತ್ತಿದ್ದ ಉಪಾಯಗಳನ್ನೂ ಕೈಬಿಟ್ಟರು. ಇನ್ನು ಕೆಲವರು ಸೋಲಿನ ಕಾರಣವನ್ನು ಚರ್ಚಿಸುವ ಗೋಜಿಗೇ ಹೋಗದೆ, ನಿಧಾನವಾಗಿ ಯೋಚಿಸುವಂತೆ ತಮಗೆ ತಾವೇ ಹೇಳಿಕೊಂಡು ಮುಂದುವರಿದರು. ಆರಂಭದ ಸಮಸ್ಯೆಗಳಲ್ಲಿ ಎರಡೂ ಗುಂಪುಗಳ ಸಾಧನೆಯಲ್ಲಿ ವ್ಯತ್ಯಾಸವಿರಲಿಲ್ಲ. 1988ರಲ್ಲಿ ಎಲೆನ್ ಲೆಗೆಟ್ ಅವರೊಂದಿಗೆ ಬರೆದ ಪ್ರಬಂಧದಲ್ಲಿ ಡ್ವೆಕ್, ಬುದ್ಧಿಶಕ್ತಿಯ ಕುರಿತು ಜನರು ಅರಿವಿಲ್ಲದೆಯೇ ಹೊಂದಿರುವ ಎರಡು ಬಗೆಯ ಸಿದ್ಧಾಂತಗಳಿಂದ ಈ ವ್ಯತ್ಯಾಸವನ್ನು ವಿವರಿಸಿದರು. ಇವಕ್ಕೇ ಮುಂದೆ ಸ್ಥಿರ ಮತ್ತು ಬೆಳವಣಿಗೆಯ ಮನೋಭಾವ ಎಂಬ ಸರಳ ಹೆಸರುಗಳು ಬಂದವು. 2004ರಿಂದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿರುವ ಡ್ವೆಕ್ ಅವರಿಗೆ 2017ರಲ್ಲಿ ಶಿಕ್ಷಣ ಸಂಶೋಧನೆಗಾಗಿ ಮೊದಲ ಯಿದಾನ್ ಪ್ರಶಸ್ತಿ ದೊರೆಯಿತು.

ಪ್ರಮುಖ ಅಧ್ಯಯನಗಳು

ಹೊಗಳಿಕೆಯ ಪರಿಣಾಮ

1998ರಲ್ಲಿ ಕ್ಲಾಡಿಯಾ ಮ್ಯೂಲರ್ ಮತ್ತು ಡ್ವೆಕ್ ಐದನೆಯ ತರಗತಿಯ ಮಕ್ಕಳ ಮೇಲೆ ನಡೆಸಿದ ಆರು ಪ್ರಯೋಗಗಳ ವರದಿ ಪ್ರಕಟವಾಯಿತು. ಆಕೃತಿಗಳ ಒಗಟುಗಳನ್ನು ಬಿಡಿಸಿದ ಮಕ್ಕಳಲ್ಲಿ ಒಂದು ಗುಂಪನ್ನು ಅವರ ಬುದ್ಧಿಗಾಗಿ, ಇನ್ನೊಂದನ್ನು ಅವರ ಪರಿಶ್ರಮಕ್ಕಾಗಿ ಹೊಗಳಲಾಯಿತು. ಮುಂದಿನ ಕೆಲಸವನ್ನು ಆರಿಸಿಕೊಳ್ಳಲು ಹೇಳಿದಾಗ ಬುದ್ಧಿಗಾಗಿ ಹೊಗಳಿಸಿಕೊಂಡವರಲ್ಲಿ ಹೆಚ್ಚಿನವರು ಸುಲಭವಾದುದನ್ನು, ಪರಿಶ್ರಮಕ್ಕಾಗಿ ಹೊಗಳಿಸಿಕೊಂಡವರಲ್ಲಿ ಹೆಚ್ಚಿನವರು ಕಲಿಯಲು ಅವಕಾಶವಿರುವುದನ್ನು ಆರಿಸಿಕೊಂಡರು. ಬಳಿಕ ಕಠಿಣ ಒಗಟುಗಳಲ್ಲಿ ಸೋತಾಗ ಮೊದಲನೆಯ ಗುಂಪಿನ ಆಸಕ್ತಿ ಕುಗ್ಗಿತು. ಆರಂಭದಷ್ಟೇ ಸುಲಭವಾದ ಒಗಟುಗಳನ್ನು ಮತ್ತೆ ಕೊಟ್ಟಾಗಲೂ ಅವರ ಸಾಧನೆ ಇಳಿದಿತ್ತು. ತಮ್ಮ ಅಂಕಗಳನ್ನು ಬೇರೆ ಶಾಲೆಯ ಮಗುವಿಗೆ ಬರೆದು ತಿಳಿಸುವಂತೆ ಹೇಳಿದಾಗ ಈ ಗುಂಪಿನ ಸುಮಾರು ಶೇಕಡಾ 40ರಷ್ಟು ಮಕ್ಕಳು ಅಂಕಗಳನ್ನು ಹೆಚ್ಚಿಸಿ ಬರೆದರು. ಒಳ್ಳೆಯ ಉದ್ದೇಶದ ಹೊಗಳಿಕೆಯೂ ಮಗುವನ್ನು ಸೋಲಿಗೆ ಹೆದರುವಂತೆ ಮಾಡಬಹುದೆಂಬುದು ಈ ಅಧ್ಯಯನದ ತಾತ್ಪರ್ಯ.

ಶಾಲೆಗಳಲ್ಲಿನ ಪ್ರಯೋಗಗಳು

ಲಿಸಾ ಬ್ಲ್ಯಾಕ್‌ವೆಲ್, ಕಾಲಿ ಟ್ರೆಸ್‌ನೆವ್‌ಸ್ಕಿ ಮತ್ತು ಡ್ವೆಕ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು ನ್ಯೂಯಾರ್ಕ್ ನಗರದ 373 ಏಳನೆಯ ತರಗತಿಯ ವಿದ್ಯಾರ್ಥಿಗಳ ಗಣಿತದ ಸಾಧನೆಯನ್ನು ಎರಡು ವರ್ಷ ಗಮನಿಸಿತು. ಬುದ್ಧಿಶಕ್ತಿ ಬೆಳೆಯಬಲ್ಲದೆಂದು ನಂಬಿದವರ ಅಂಕಗಳು ಕ್ರಮೇಣ ಏರಿದವು. ಅದು ಸ್ಥಿರವೆಂದು ನಂಬಿದವರ ಅಂಕಗಳಲ್ಲಿ ಏರಿಕೆ ಕಾಣಲಿಲ್ಲ. ಇದೇ ಅಧ್ಯಯನದ ಎರಡನೆಯ ಭಾಗದಲ್ಲಿ 91 ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿ ಎಂಟು ತರಗತಿಗಳನ್ನು ನಡೆಸಲಾಯಿತು. ಎರಡೂ ಗುಂಪುಗಳಿಗೆ ಓದುವ ಕೌಶಲಗಳನ್ನು ಕಲಿಸಿದರೂ, ಕಲಿಯುವಾಗ ಮಿದುಳು ಬದಲಾಗುತ್ತದೆ ಎಂಬ ಪಾಠ ಪಡೆದ ಗುಂಪಿನಲ್ಲಿ ಮಾತ್ರ ಅಂಕಗಳ ಇಳಿಕೆ ತಡೆಯಲ್ಪಟ್ಟಿತು.

ಡೇವಿಡ್ ಯೇಗರ್ ಮತ್ತು ಸಂಗಡಿಗರು 2019ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವು ಇದಕ್ಕಿಂತ ಬಹಳ ದೊಡ್ಡದು. ಅಮೆರಿಕದ 65 ಸಾರ್ವಜನಿಕ ಪ್ರೌಢಶಾಲೆಗಳ ಸುಮಾರು 12,000 ಒಂಬತ್ತನೆಯ ತರಗತಿಯ ವಿದ್ಯಾರ್ಥಿಗಳು ಇದರಲ್ಲಿ ಭಾಗವಹಿಸಿದ್ದರು. ಒಟ್ಟು ಒಂದು ಗಂಟೆಗೂ ಕಡಿಮೆ ಅವಧಿಯ ಆನ್‌ಲೈನ್ ಪಾಠದಿಂದ, ಹಿಂದುಳಿದ ವಿದ್ಯಾರ್ಥಿಗಳ ಸರಾಸರಿ ಶ್ರೇಣಿಯು ನಾಲ್ಕು ಅಂಶಗಳ ಮಾಪನದಲ್ಲಿ 0.1ರಷ್ಟು ಹೆಚ್ಚಿತು. ಸವಾಲುಗಳನ್ನು ಸ್ವೀಕರಿಸುವುದನ್ನು ಸಹಪಾಠಿಗಳೂ ಮೆಚ್ಚುವ ಶಾಲೆಗಳಲ್ಲಿ ಪರಿಣಾಮ ಹೆಚ್ಚಾಗಿತ್ತು. ವಿದ್ಯಾರ್ಥಿಯ ನಂಬಿಕೆಯೊಂದೇ ಸಾಲದು, ಅದು ಬೇರೂರಲು ತರಗತಿಯ ವಾತಾವರಣವೂ ಪೂರಕವಾಗಿರಬೇಕು ಎಂಬುದು ಇದರಿಂದ ತಿಳಿದುಬಂದಿತು.

ನರವಿಜ್ಞಾನದ ಹಿನ್ನೆಲೆ

ಕಲಿಕೆಯಿಂದ ಮಿದುಳಿನ ನರಕೋಶಗಳ ನಡುವಿನ ಸಂಪರ್ಕಗಳು ಬದಲಾಗುವುದನ್ನು ನರ ನಮ್ಯತೆ ಎನ್ನುತ್ತಾರೆ. ಲಂಡನ್ನಿನ ಟ್ಯಾಕ್ಸಿ ಚಾಲಕರು ಪರವಾನಗಿಗಾಗಿ ನಗರದ ಸಾವಿರಾರು ಬೀದಿಗಳನ್ನು ಕಂಠಪಾಠ ಮಾಡಬೇಕಾಗುತ್ತದೆ. ಅವರ ಮಿದುಳಿನಲ್ಲಿ ಸ್ಥಳಸ್ಮರಣೆಗೆ ಸಂಬಂಧಿಸಿದ ಹಿಪೊಕ್ಯಾಂಪಸ್‌ನ ಹಿಂಭಾಗವು ಇತರರಿಗಿಂತ ದೊಡ್ಡದಾಗಿರುವುದನ್ನು ಎಲೀನರ್ ಮ್ಯಾಗ್ವೈರ್ ಮತ್ತು ಸಂಗಡಿಗರು 2000ದಲ್ಲಿ ವರದಿ ಮಾಡಿದರು. ತರಬೇತಿ ಮುಗಿಸಿ ಪರವಾನಗಿ ಪಡೆದವರಲ್ಲಿ ಈ ಭಾಗ ಬೆಳೆದುದನ್ನು 2011ರ ಅಧ್ಯಯನ ತೋರಿಸಿತು. ಇಂತಹ ಫಲಿತಾಂಶಗಳು ಮಿದುಳು ಬದಲಾಗಬಲ್ಲದೆಂಬುದಕ್ಕೆ ಪುರಾವೆಯಾಗಿವೆ. ಆದರೆ ಆ ಬದಲಾವಣೆ ವರ್ಷಗಳ ಅಭ್ಯಾಸದಿಂದ ಬಂದುದೇ ಹೊರತು ಕೇವಲ ನಂಬಿಕೆಯಿಂದಲ್ಲ ಎಂಬುದನ್ನು ಗಮನಿಸಬೇಕು.

ಬೆಳೆಸಿಕೊಳ್ಳುವ ವಿಧಾನಗಳು

• ಪ್ರಕ್ರಿಯೆಯನ್ನು ಮೆಚ್ಚುವುದು: ‘ನೀನು ತುಂಬಾ ಜಾಣ’ ಎನ್ನುವುದಕ್ಕಿಂತ ‘ಮೊದಲ ವಿಧಾನ ಸರಿಹೋಗದಿದ್ದಾಗ ಚಿತ್ರ ಬರೆದು ನೋಡಿದೆಯಲ್ಲ, ಅದರಿಂದ ಲೆಕ್ಕ ಬಿಡಿಸಲು ಸಾಧ್ಯವಾಯಿತು’ ಎಂಬಂತಹ ಮಾತು ಮಗುವಿಗೆ ಮುಂದೆ ಏನು ಮಾಡಬೇಕೆಂಬುದನ್ನೂ ತಿಳಿಸುತ್ತದೆ.
• ‘ಇನ್ನೂ’ ಎಂಬ ಪದದ ಬಳಕೆ: ‘ನನಗೆ ಇದು ಬರುವುದಿಲ್ಲ’ ಎಂಬ ವಾಕ್ಯ ದಾರಿಯನ್ನು ಮುಚ್ಚುತ್ತದೆ; ‘ನನಗೆ ಇದು ಇನ್ನೂ ಬಂದಿಲ್ಲ’ ಎಂಬುದು ತೆರೆದಿಡುತ್ತದೆ.
• ತಪ್ಪುಗಳ ವಿಶ್ಲೇಷಣೆ: ಉತ್ತರಪತ್ರಿಕೆ ಮರಳಿ ಬಂದಾಗ ತಪ್ಪುಗಳನ್ನು ಪರಿಕಲ್ಪನೆ ತಿಳಿಯದ್ದು, ಸೂತ್ರ ಮರೆತದ್ದು, ಅವಸರದಲ್ಲಿ ತಪ್ಪಿದ್ದು ಎಂದು ವಿಂಗಡಿಸಿದರೆ ಪ್ರತಿಯೊಂದಕ್ಕೂ ಬೇರೆ ಪರಿಹಾರವಿರುವುದು ಕಾಣುತ್ತದೆ.
• ವಿಧಾನವನ್ನು ಬದಲಿಸುವುದು: ಪಾಠವನ್ನು ಮತ್ತೆ ಮತ್ತೆ ಓದುವುದಕ್ಕಿಂತ ಪುಸ್ತಕ ಮುಚ್ಚಿ ನೆನಪಿನಿಂದ ಬರೆಯುವುದು ಹಾಗೂ ಅಭ್ಯಾಸವನ್ನು ಹಲವು ದಿನಗಳಿಗೆ ಹಂಚುವುದು ದೀರ್ಘಕಾಲದ ನೆನಪಿಗೆ ಹೆಚ್ಚು ಸಹಾಯಕವೆಂದು ಕಲಿಕಾ ಸಂಶೋಧನೆಗಳು ತೋರಿಸಿವೆ.
• ಸಹಾಯ ಕೇಳುವುದು: ಶಿಕ್ಷಕರನ್ನೋ ಸಹಪಾಠಿಗಳನ್ನೋ ಕೇಳುವುದು ದೌರ್ಬಲ್ಯವಲ್ಲ, ಕಲಿಕೆಯ ಭಾಗ.
• ಹಿರಿಯರ ನಡವಳಿಕೆ: ಪೋಷಕರು ಸೋಲನ್ನು ಹಾನಿಕರವೆಂದು ಕಂಡರೆ ಮಕ್ಕಳು ಬುದ್ಧಿಶಕ್ತಿಯನ್ನು ಸ್ಥಿರವೆಂದು ಭಾವಿಸುವ ಸಂಭವ ಹೆಚ್ಚೆಂದು ಕೈಲಾ ಹೈಮೊವಿಟ್ಜ್ ಮತ್ತು ಡ್ವೆಕ್ 2016ರಲ್ಲಿ ವರದಿ ಮಾಡಿದರು. ಪೋಷಕರ ಮನದೊಳಗಿನ ನಂಬಿಕೆಗಿಂತ, ಅಂಕಪಟ್ಟಿ ಕಂಡಾಗ ಅವರು ವರ್ತಿಸುವ ರೀತಿಯೇ ಮಕ್ಕಳಿಗೆ ಕಾಣುವಂಥದ್ದು.

ತಪ್ಪು ಗ್ರಹಿಕೆಗಳು

ಪರಿಕಲ್ಪನೆ ಜನಪ್ರಿಯವಾದಂತೆ ಅದರ ಸರಳೀಕೃತ ರೂಪಗಳೂ ಹರಡಿದವು. ಇವುಗಳನ್ನು ಡ್ವೆಕ್ ಅವರೇ ಹುಸಿ ಬೆಳವಣಿಗೆಯ ಮನೋಭಾವ ಎಂದು ಕರೆದು ಎಚ್ಚರಿಸಿದ್ದಾರೆ. ಕಲಿಕೆ ಆಗದಿದ್ದರೂ ಪ್ರಯತ್ನವನ್ನಷ್ಟೇ ಹೊಗಳುವುದು ಇವುಗಳಲ್ಲಿ ಮುಖ್ಯವಾದುದು. ಫಲ ಕೊಡದ ವಿಧಾನದಲ್ಲೇ ಹೆಚ್ಚು ಹೊತ್ತು ದುಡಿಯುವಂತೆ ಪ್ರೋತ್ಸಾಹಿಸಿದರೆ ಮಗು ನಿರಾಶೆಗೊಳ್ಳುತ್ತದೆ. ಯಾರು ಬೇಕಾದರೂ ಏನು ಬೇಕಾದರೂ ಆಗಬಹುದು ಎಂಬುದೂ ಈ ಸಿದ್ಧಾಂತದ ಪ್ರತಿಪಾದನೆಯಲ್ಲ. ವ್ಯಕ್ತಿಗಳ ನಡುವೆ ವ್ಯತ್ಯಾಸಗಳಿವೆ ಎಂಬುದನ್ನು ಅದು ನಿರಾಕರಿಸುವುದಿಲ್ಲ. ಪ್ರತಿಯೊಬ್ಬರೂ ತಾವಿರುವ ಹಂತದಿಂದ ಮುಂದೆ ಸಾಗಬಹುದು ಎಂದಷ್ಟೇ ಹೇಳುತ್ತದೆ. ಹಿಂದುಳಿದ ವಿದ್ಯಾರ್ಥಿಗೆ ‘ನಿನ್ನ ಮನೋಭಾವವೇ ಸರಿಯಿಲ್ಲ’ ಎಂದು ಹೇಳಿದರೆ ‘ದಡ್ಡ’ ಎಂಬ ಹಳೆಯ ಹಣೆಪಟ್ಟಿಯ ಜಾಗದಲ್ಲಿ ಹೊಸದೊಂದನ್ನು ಅಂಟಿಸಿದಂತಾಗುತ್ತದೆ.

ಟೀಕೆಗಳು

ವಿಕ್ಟೋರಿಯಾ ಸಿಸ್ಕ್ ಮತ್ತು ಸಂಗಡಿಗರು 2018ರಲ್ಲಿ ನಡೆಸಿದ ಸಮಗ್ರ ವಿಶ್ಲೇಷಣೆಯಲ್ಲಿ ಮನೋಭಾವಕ್ಕೂ ಶೈಕ್ಷಣಿಕ ಸಾಧನೆಗೂ ಇರುವ ಸಂಬಂಧ ದುರ್ಬಲವಾಗಿರುವುದು ಕಂಡುಬಂದಿತು. ತರಬೇತಿಗಳ ಸರಾಸರಿ ಪರಿಣಾಮ ಅತ್ಯಲ್ಪವಾಗಿದ್ದು, ಆರ್ಥಿಕವಾಗಿ ಅಥವಾ ಶೈಕ್ಷಣಿಕವಾಗಿ ಹಿಂದುಳಿದ ವಿದ್ಯಾರ್ಥಿಗಳಿಗೆ ಸ್ವಲ್ಪ ಲಾಭವಾಗಬಹುದು ಎಂದು ಅವರು ತೀರ್ಮಾನಿಸಿದರು. ಇಂಗ್ಲೆಂಡಿನ 101 ಶಾಲೆಗಳಲ್ಲಿ ಆರನೆಯ ವರ್ಷದ ಮಕ್ಕಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಮೌಲ್ಯಮಾಪನದಲ್ಲಿ ತರಬೇತಿ ಪಡೆದವರು ಹೆಚ್ಚಿನ ಪ್ರಗತಿ ಸಾಧಿಸಲಿಲ್ಲ. 2023ರಲ್ಲಿ ಒಂದೇ ಪತ್ರಿಕೆಯಲ್ಲಿ ಎರಡು ವಿಶ್ಲೇಷಣೆಗಳು ಪ್ರಕಟವಾದವು. ಬ್ರೂಕ್ ಮ್ಯಾಕ್‌ನಮಾರಾ ಮತ್ತು ಅಲೆಕ್ಸಾಂಡರ್ ಬರ್ಗೊಯ್ನ್ ಅವರು ಅನೇಕ ಅಧ್ಯಯನಗಳ ವಿನ್ಯಾಸದಲ್ಲೇ ದೋಷಗಳಿವೆ, ಉತ್ತಮ ಅಧ್ಯಯನಗಳಲ್ಲಿ ಪರಿಣಾಮ ಶೂನ್ಯಕ್ಕೆ ಸಮೀಪವಿದೆ ಎಂದರು. ಜೆನಿ ಬರ್ನೆಟ್ ಮತ್ತು ಸಂಗಡಿಗರು, ಸರಾಸರಿ ಪರಿಣಾಮ ಚಿಕ್ಕದಾದರೂ ಹೆಚ್ಚು ಅಗತ್ಯವಿರುವ ಗುಂಪುಗಳಲ್ಲಿ ಅದು ಅರ್ಥಪೂರ್ಣವಾಗಿದೆ ಎಂದು ವಾದಿಸಿದರು.

ಸಾಮಾಜಿಕ ನೆಲೆಯ ಟೀಕೆಯೂ ಇದೆ. ಪುಸ್ತಕ, ಶಿಕ್ಷಕರು, ಪೌಷ್ಟಿಕ ಆಹಾರ, ಓದಲು ಸ್ಥಳ ಇವುಗಳ ಕೊರತೆಯಿಂದ ಉಂಟಾದ ಹಿನ್ನಡೆಯನ್ನು ವಿದ್ಯಾರ್ಥಿಯ ಮನೋಭಾವದ ದೋಷವೆಂದು ಬಿಂಬಿಸುವ ಅಪಾಯವಿದೆ ಎಂಬುದು ಈ ಟೀಕೆಯ ಸಾರ. ಅವಕಾಶಗಳಿಗೆ ಮನೋಭಾವ ಪೂರಕವೇ ಹೊರತು ಪರ್ಯಾಯವಲ್ಲ.

ಸಂಸ್ಕೃತಿ ಮತ್ತು ಭಾರತೀಯ ಸಂದರ್ಭ

2018ರ ಪೀಸಾ ಅಂತರರಾಷ್ಟ್ರೀಯ ಸಮೀಕ್ಷೆಯಲ್ಲಿ, ಬುದ್ಧಿಶಕ್ತಿಯನ್ನು ಹೆಚ್ಚಾಗಿ ಬದಲಿಸಲಾಗದು ಎಂಬ ಹೇಳಿಕೆಯನ್ನು ಓಇಸಿಡಿ ದೇಶಗಳ ಸರಾಸರಿ ಶೇಕಡಾ 63ರಷ್ಟು ವಿದ್ಯಾರ್ಥಿಗಳು ಒಪ್ಪಲಿಲ್ಲ. ಭಾರತ ಆ ಸುತ್ತಿನಲ್ಲಿ ಭಾಗವಹಿಸಿರಲಿಲ್ಲ. ಅನೀತಾ ರತ್ತನ್, ಕೃಷ್ಣ ಸವಾನಿ, ಎನ್.ವಿ.ಆರ್. ನಾಯ್ಡು ಮತ್ತು ಡ್ವೆಕ್ 2012ರಲ್ಲಿ ಪ್ರಕಟಿಸಿದ ಅಧ್ಯಯನವು ಭಾರತ ಮತ್ತು ಅಮೆರಿಕಗಳನ್ನು ಹೋಲಿಸಿತು. ಅತಿ ಬುದ್ಧಿವಂತರಾಗುವ ಸಾಮರ್ಥ್ಯ ಕೆಲವರಲ್ಲಿ ಮಾತ್ರ ಇದೆ ಎಂಬ ಭಾವನೆ ಅಮೆರಿಕನ್ನರಲ್ಲಿ ಹೆಚ್ಚಾಗಿದ್ದರೆ, ಅದು ಬಹುತೇಕ ಎಲ್ಲರಲ್ಲಿಯೂ ಇದೆ ಎಂಬ ನಂಬಿಕೆ ಭಾರತೀಯರಲ್ಲಿ ಹೆಚ್ಚಾಗಿತ್ತು. ಹಾಗೆ ನಂಬುವವರು ಶಿಕ್ಷಣದಲ್ಲಿನ ಅಸಮಾನತೆಯನ್ನು ಸರಿಪಡಿಸುವ ನೀತಿಗಳನ್ನು ಹೆಚ್ಚು ಬೆಂಬಲಿಸುತ್ತಿದ್ದರು.

ಕನ್ನಡದ ಗಾದೆಗಳಲ್ಲಿ ಎರಡೂ ದೃಷ್ಟಿಗಳು ಕಾಣಸಿಗುತ್ತವೆ. ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬುದು ಸ್ವಭಾವ ಬದಲಾಗದೆನ್ನುತ್ತದೆ; ‘ಹಾಡುತ್ತಾ ಹಾಡುತ್ತಾ ರಾಗ’ ಎಂಬುದು ಅಭ್ಯಾಸದಿಂದಲೇ ವಿದ್ಯೆ ಸಿದ್ಧಿಸುತ್ತದೆ ಎನ್ನುತ್ತದೆ.