ಬಲಂ ನಾಯಕರು ಯಾರ ಪಕ್ಷ?

ಹಾಸನದಿಂದ ಸಾಲಗಾಮೆಗೆ ಹೋಗುವ ದಾರಿಗೆ ಸಾಲಗಾಮೆ ರಸ್ತೆ ಎಂದೇ ಹೆಸರು. 1960ರಲ್ಲಿ ಆರಂಭವಾದ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಇರುವುದು ಇದೇ ರಸ್ತೆಯಲ್ಲಿ. ಇಂತಹ ಕಾಲೇಜುಗಳ ಸುತ್ತಲಿನ ಹಾಸ್ಟೆಲುಗಳಲ್ಲಿ, ಬಾಡಿಗೆ ಕೋಣೆಗಳಲ್ಲಿ ರಾತ್ರಿ ಓದು ಮುಗಿಸಿದ ಹುಡುಗರು ಕಂಪ್ಯೂಟರಿನ ಮುಂದೆ ಕುಳಿತು ಆಟವಾಡುವುದು ಈಗ ಹೊಸ ಸಂಗತಿಯೇನಲ್ಲ. ಆ ಆಟಗಳೆಂದರೆ ಬರೀ ಗುಂಡು ಹಾರಿಸುವುದು ಎಂದು ಹಿರಿಯರಾದ ನಾವು ಭಾವಿಸಿದ್ದೇವೆ. ಆದರೆ ಅವುಗಳಲ್ಲಿ ಒಂದು ಬಗೆಯಿದೆ. ಅಲ್ಲಿ ಆಡುವವನು ಕಥೆಯೊಳಗಿನ ಒಂದು ಪಾತ್ರವಾಗುತ್ತಾನೆ. ಯುದ್ಧದಲ್ಲಿ ತೊಡಗಿರುವ ಎರಡು ಮೂರು ಪಕ್ಷಗಳ ಪೈಕಿ ಯಾವುದನ್ನು ಸೇರಬೇಕೆಂದು ಅವನೇ ನಿರ್ಧರಿಸಬೇಕು.

2011ರಲ್ಲಿ ಬಂದ 'ಸ್ಕೈರಿಮ್' ಎಂಬ ಆಟವನ್ನೇ ನೋಡಿ. ಒಂದು ಕಡೆ ಹಳೆಯ ಸಾಮ್ರಾಜ್ಯ. ಅದು ಜನರನ್ನು ಒಂದುಗೂಡಿಸಿ ಇಟ್ಟಿದೆ, ಆದರೆ ಯುದ್ಧದಲ್ಲಿ ಸೋತು ಶತ್ರುವಿನೊಡನೆ ಮಾಡಿಕೊಂಡ ಒಪ್ಪಂದಕ್ಕಾಗಿ ತನ್ನದೇ ಪ್ರಜೆಗಳ ಒಂದು ಆರಾಧನೆಯನ್ನು ನಿಷೇಧಿಸಿದೆ. ಇನ್ನೊಂದು ಕಡೆ ನಾಡಿನ ಸ್ವಾತಂತ್ರ್ಯಕ್ಕೂ ಆ ಆರಾಧನೆಗೂ ಹೋರಾಡುವ ಬಂಡಾಯಗಾರರು. ಆದರೆ ಅವರ ರಾಜಧಾನಿಗೆ ಕಾಲಿಟ್ಟರೆ ಆಶ್ರಯ ಕೇಳಿ ಬಂದ ಬೇರೆ ಜನಾಂಗದವರು ಕೊಳಕು ಕೇರಿಯೊಂದರಲ್ಲಿ ಬದುಕುತ್ತಿರುವುದು ಕಾಣುತ್ತದೆ. 2007ರಲ್ಲಿ ಪೋಲೆಂಡಿನ ಕಂಪನಿಯೊಂದು ತಂದ 'ದಿ ವಿಚರ್' ಆಟದಲ್ಲೂ ಹೀಗೆಯೇ. ತುಳಿತಕ್ಕೊಳಗಾಗಿ ಕಾಡು ಸೇರಿ ಅಮಾಯಕರನ್ನೂ ಕೊಲ್ಲುವ ಬಂಡುಕೋರರು ಒಂದು ಕಡೆ, ಜನರ ರಕ್ಷಣೆಯ ಹೆಸರಿನಲ್ಲಿ ಕ್ರೂರರಾಗುವ ಯೋಧರ ಸಂಘ ಇನ್ನೊಂದು ಕಡೆ. ಯಾರ ಕಡೆಯೂ ಸೇರದೆ ಉಳಿಯುವ ಮೂರನೆಯ ದಾರಿಯೂ ಅದರಲ್ಲಿದೆ. ಹಾಗೆ ಉಳಿದವನಿಗೆ ಎರಡೂ ಕಡೆಯವರು ಶತ್ರುಗಳಾಗುತ್ತಾರೆ.

ಇದನ್ನು ಕೇಳಿದಾಗ ಇತಿಹಾಸ ಓದಿದವರಿಗೆ ನೆನಪಾಗುವುದು ಹಾಸನ ಜಿಲ್ಲೆಯ ಪಶ್ಚಿಮ ಭಾಗದ ಬಲಂ ಸೀಮೆ. ಅಲ್ಲಿ ಸುಮಾರು ಹತ್ತು ವರ್ಷಗಳ ಅವಧಿಯಲ್ಲಿ ಒಂದೇ ಪಾಳೆಯಪಟ್ಟಿನ ನಾಯಕರು ಮೂರು ಬಾರಿ ಪಕ್ಷ ಆರಿಸಬೇಕಾಯಿತು. ಅದು ಆಟವಾಗಿರಲಿಲ್ಲ.

ಮಂಜಿನ ಸೀಮೆ

ಸಕಲೇಶಪುರದ ಬಳಿ, ದೋಣಿಗಾಲ್ ಸಮೀಪದ ಬೆಟ್ಟದ ಮೇಲೆ ಎಂಟು ಮೂಲೆಗಳ ನಕ್ಷತ್ರಾಕಾರದ ಮಂಜರಾಬಾದ್ ಕೋಟೆಯನ್ನು ನೋಡಿದವರು ಹಲವರು. ಟಿಪ್ಪು ಸುಲ್ತಾನ್ ಕಟ್ಟಿಸಿದ ಕೋಟೆ ಇದು. ಸದಾ ಕವಿಯುವ ಮಂಜಿನಿಂದಲೇ ಈ ಹೆಸರು ಬಂತೆಂದು ಹೇಳುತ್ತಾರೆ. ಅದಕ್ಕೂ ಮುಂಚೆ ಈ ಪ್ರದೇಶಕ್ಕೆ ಬಲಂ ಎಂಬ ಹೆಸರಿತ್ತು. ಇದನ್ನು ಆಳಿದವರು ಐಗೂರಿನ ನಾಯಕರು. ಮೈಸೂರು ಮತ್ತು ಇಕ್ಕೇರಿ ಎಂಬ ಎರಡು ಬಲಿಷ್ಠ ರಾಜ್ಯಗಳ ನಡುವೆ ಸಿಕ್ಕಿಕೊಂಡು, ಒಮ್ಮೆ ಇವರಿಗೆ ಒಮ್ಮೆ ಅವರಿಗೆ ತಲೆಬಾಗುತ್ತ ಉಳಿದುಬಂದ ಪಾಳೆಯಪಟ್ಟು ಅದು. ದಟ್ಟ ಕಾಡು, ಎಡೆಬಿಡದ ಮಳೆ, ಕರಾವಳಿಗೆ ಇಳಿಯುವ ಘಟ್ಟದ ದಾರಿಗಳು ಇವೇ ಆ ಸೀಮೆಯ ಬಲ. ಅವೇ ಅದರ ಕಷ್ಟವೂ ಹೌದು. ಕರಾವಳಿಯ ದಾರಿ ಯಾರಿಗೆ ಬೇಕೋ ಅವರಿಗೆಲ್ಲ ಬಲಂ ಬೇಕಾಗಿತ್ತು.

1790ರಲ್ಲಿ ಈಸ್ಟ್ ಇಂಡಿಯಾ ಕಂಪನಿ, ಮರಾಠರು ಮತ್ತು ಹೈದರಾಬಾದಿನ ನಿಜಾಮ್ ಅಲಿ ಖಾನ್ ಒಟ್ಟಾಗಿ ಟಿಪ್ಪುವಿನ ಮೇಲೆ ಯುದ್ಧ ಸಾರಿದರು. ಆಗ ಬಲಂನಲ್ಲಿದ್ದವನು ಕೃಷ್ಣಪ್ಪ ನಾಯಕ. ಅವನ ಮುಂದಿದ್ದ ಪಕ್ಷಗಳು ಎಂಥವು ಎಂಬುದನ್ನು ಸ್ವಲ್ಪ ನೋಡೋಣ.

ಮೊದಲನೆಯದು ಟಿಪ್ಪುವಿನ ಸರಕಾರ. ನೇಗಿಲು ಕೊಳ್ಳಲಾಗದ ರೈತನಿಗೆ ತಕಾವಿ ಸಾಲ, ಪಾಳುಭೂಮಿ ಉತ್ತವನಿಗೆ ಕಂದಾಯದ ರಿಯಾಯಿತಿ, ರೇಷ್ಮೆ ಬೇಸಾಯಕ್ಕೆ ಉತ್ತೇಜನ ಇವೆಲ್ಲ ಅದರ ಕೊಡುಗೆಗಳು. ಕಂಪನಿಯ ಅಪಾಯವನ್ನು ಅಂದಿನ ಅರಸರಲ್ಲಿ ಅವನಷ್ಟು ಸ್ಪಷ್ಟವಾಗಿ ಕಂಡವರು ವಿರಳ. ಆದರೆ ಅದೇ ಸರಕಾರ ಪಾಳೆಯಗಾರರನ್ನು ಕಿತ್ತೊಗೆದು ಅಮಲ್ದಾರರನ್ನು ನೇಮಿಸುತ್ತಿತ್ತು. 1784ರಲ್ಲಿ ಕೆನರಾದ ಕ್ರೈಸ್ತರನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿತ್ತು. 1785ರಲ್ಲಿ ಕೊಡಗಿನ ಜನರನ್ನು ಕುಟುಂಬ ಸಮೇತ ಸಾಗಿಸಿತ್ತು. ಕೊಡಗು ಬಲಂನ ನೆರೆನಾಡು. ಅಲ್ಲಿಂದ ಓಡಿಬಂದವರ ಮಾತು ಕೃಷ್ಣಪ್ಪ ನಾಯಕನ ಕಿವಿಗೆ ಬಿದ್ದಿರಲೇಬೇಕು.

ಎರಡನೆಯದು ಮರಾಠರು. ಪರಶುರಾಮ ಭಾವೂ ಪಟವರ್ಧನನ ಸೈನ್ಯ ಧಾರವಾಡದ ಕಡೆಯಿಂದ ಇಳಿದು ಬಂದಿತ್ತು. 1791ರಲ್ಲಿ ಆ ಸೈನ್ಯದ ಲೂಟಿಗಾರರು ಶೃಂಗೇರಿ ಮಠವನ್ನು ಸುಲಿದರು, ಶಾರದಾ ದೇವಿಯ ವಿಗ್ರಹವನ್ನೂ ಸ್ಥಾನಪಲ್ಲಟಗೊಳಿಸಿದರು. ಆ ಮಠದ ಪುನರುದ್ಧಾರಕ್ಕೆ ಹಣ, ಧಾನ್ಯ ಕೊಡುವಂತೆ ಆಜ್ಞೆ ಮಾಡಿದವನು ಟಿಪ್ಪು. ಆತ ಜಗದ್ಗುರುಗಳಿಗೆ ಬರೆದ ಪತ್ರಗಳನ್ನು 1916ರಲ್ಲಿ ಬೆಳಕಿಗೆ ತಂದವರು ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು.

ಮೂರನೆಯದು ಕಂಪನಿ. ಅದರ ಉದ್ದೇಶವೇನೆಂದು ಬಂಗಾಳ ಮತ್ತು ಮದ್ರಾಸಿನ ಜನರು ಆಗಲೇ ತಿಳಿದಿದ್ದರು. ನಾಲ್ಕನೆಯದು ಕೊಡಗಿನ ದೊಡ್ಡ ವೀರರಾಜೇಂದ್ರ. 1788ರಲ್ಲಿ ಪಿರಿಯಾಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ತನ್ನ ನಾಡನ್ನು ಮರಳಿ ಪಡೆದ ಧೀರ. ಆದರೆ ಅವನು ಕಂಪನಿಯ ಕೈ ಹಿಡಿದಿದ್ದ.

ಇಲ್ಲಿ ಹಿಂದೂ ಪಕ್ಷ ಯಾವುದು, ಮುಸ್ಲಿಂ ಪಕ್ಷ ಯಾವುದು? ಟಿಪ್ಪುವಿನ ವಿರುದ್ಧ ನಿಂತವರಲ್ಲಿ ನಿಜಾಮನಿದ್ದಾನೆ. ಮಠವನ್ನು ಸುಲಿದವರು ಮರಾಠರ ಕಡೆಯವರು. ಮಠಕ್ಕೆ ನೆರವಾದವನು ಸುಲ್ತಾನ. ಅದೇ ಸುಲ್ತಾನನ ಸೈನ್ಯದಿಂದ ನೊಂದ ಕೊಡವರೂ ಕ್ರೈಸ್ತರೂ ಇದ್ದಾರೆ. ಇಂದಿನ ನಮ್ಮ ಬಣ್ಣಗಳನ್ನು ಅಂದಿನ ಬಾವುಟಗಳಿಗೆ ಹಚ್ಚಲು ಹೊರಟರೆ ಯಾವ ಬಣ್ಣವೂ ನಿಲ್ಲುವುದಿಲ್ಲ.

ಮೂರು ಆಯ್ಕೆಗಳು

1792ರಲ್ಲಿ ಕೃಷ್ಣಪ್ಪ ನಾಯಕ ಪರಶುರಾಮ ಭಾವೂವಿನ ಸೈನ್ಯವನ್ನು ಸೇರಿಕೊಂಡ. ಆದರೆ ಅದೇ ವರ್ಷ ಮಾರ್ಚಿಯಲ್ಲಿ ಶ್ರೀರಂಗಪಟ್ಟಣದ ಒಪ್ಪಂದವಾಯಿತು. ಟಿಪ್ಪು ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳನ್ನೂ ಕೊಡಲೊಪ್ಪಿ, ತನ್ನ ಇಬ್ಬರು ಮಕ್ಕಳನ್ನು ಒತ್ತೆಯಿಟ್ಟ. ಗೆದ್ದವರು ತಮ್ಮ ಪಾಲು ಹಂಚಿಕೊಂಡು ಹೊರಟರು. ಅವರನ್ನು ನಂಬಿದ ಬಲಂ ನಾಯಕನ ಸೀಮೆ ಮಾತ್ರ ಟಿಪ್ಪುವಿನ ಅಧೀನದಲ್ಲೇ ಉಳಿಯಿತು. ಸುಲ್ತಾನನ ಕೋಪಕ್ಕೆ ಹೆದರಿ ನಾಯಕ ಕೊಡಗಿಗೆ ಓಡಿಹೋದ.

ಮುಂದೆ ನಡೆದದ್ದು ಯಾರೂ ನಿರೀಕ್ಷಿಸದ ಸಂಗತಿ. ಟಿಪ್ಪು ಅವನನ್ನು ಕರೆಸಿಕೊಂಡು ಐಗೂರು ಸೀಮೆಯ ಆಡಳಿತವನ್ನು ಒಪ್ಪಿಸಿದ. ಇದರಲ್ಲಿ ಔದಾರ್ಯವೆಷ್ಟು, ಲೆಕ್ಕಾಚಾರವೆಷ್ಟು? ಒಪ್ಪಂದದ ನಂತರ ಕೊಡಗು ಕಂಪನಿಯ ನೆರಳಿಗೆ ಹೋಗಿತ್ತು, ಮಲಬಾರ್ ಕೈತಪ್ಪಿತ್ತು. ಟಿಪ್ಪುವಿಗೆ ಉಳಿದಿದ್ದ ಕರಾವಳಿಯೆಂದರೆ ಮಂಗಳೂರಿನ ಕಡೆಯದು. ಅಲ್ಲಿಗೆ ಇಳಿಯುವ ದಾರಿ ಬಲಂ ಕಾಡಿನೊಳಗಿತ್ತು. ಆ ದಾರಿಗೆ ಮಂಜರಾಬಾದ್ ಕೋಟೆ ಎಷ್ಟು ಅಗತ್ಯವೋ ಸ್ಥಳೀಯ ನಾಯಕನ ಸ್ನೇಹವೂ ಅಷ್ಟೇ ಅಗತ್ಯ. ಹೀಗೆ ನಿನ್ನೆಯ ದ್ರೋಹಿ ಇಂದಿನ ಸಾಮಂತನಾದ. ಇದು ಎರಡನೆಯ ಆಯ್ಕೆ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಹುತಾತ್ಮನಾದಾಗ ಐಗೂರಿನಲ್ಲಿದ್ದವನು ವೆಂಕಟಾದ್ರಿ ನಾಯಕ. ಹೊಸ ವ್ಯವಸ್ಥೆಯಲ್ಲಿ ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರು ಸಿಂಹಾಸನದಲ್ಲಿದ್ದರು, ದಿವಾನರು ಪೂರ್ಣಯ್ಯ, ಹಿಂದೆ ನಿಂತದ್ದು ಕಂಪನಿ. ವೆಂಕಟಾದ್ರಿ ಈ ವ್ಯವಸ್ಥೆಗೆ ತಲೆಬಾಗಲಿಲ್ಲ. ಘಟ್ಟದ ದಾರಿಗಳು ಅವನ ಕೈಯಲ್ಲಿದ್ದುದರಿಂದ ಕರಾವಳಿಯ ಸಂಪರ್ಕಕ್ಕೆ ತೊಂದರೆಯಾಯಿತು. 1800ರಲ್ಲಿ ಕಂಪನಿಯ ಸೇನೆ ಅವನ ನೆಲೆಯಾದ ಅರೆಕೆರೆಯ ಮೇಲೆ ಬಿದ್ದರೂ ಪ್ರತಿರೋಧ ಅಡಗಲಿಲ್ಲ. ಕೊನೆಗೆ 1802ರ ಜನವರಿಯಲ್ಲಿ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಸ್ವತಃ ಬಂದು ಅರೆಕೆರೆಯನ್ನು ವಶಪಡಿಸಿಕೊಂಡ. ಮುಂದೆ 1815ರಲ್ಲಿ ವಾಟರ್‌ಲೂ ಕದನದಲ್ಲಿ ನೆಪೋಲಿಯನ್ನನನ್ನು ಸೋಲಿಸಿ ಜಗತ್ಪ್ರಸಿದ್ಧನಾದವನು ಇವನೇ. ಕಾಡಿನಲ್ಲಿ ತಲೆಮರೆಸಿಕೊಂಡಿದ್ದ ವೆಂಕಟಾದ್ರಿಯನ್ನು ಫೆಬ್ರವರಿಯಲ್ಲಿ ಹಿಡಿದು ಗಲ್ಲಿಗೇರಿಸಲಾಯಿತು.

ಹಾಗಾದರೆ ಬಲಂ ನಾಯಕರನ್ನು ಏನೆಂದು ಕರೆಯೋಣ? 1792ನ್ನು ಮಾತ್ರ ನೋಡಿದವರಿಗೆ ಅವರು ಬ್ರಿಟಿಷರ ಮಿತ್ರಕೂಟ ಸೇರಿದ ದ್ರೋಹಿಗಳು. 1802ನ್ನು ಮಾತ್ರ ನೋಡಿದವರಿಗೆ ಬ್ರಿಟಿಷರ ವಿರುದ್ಧ ಗಲ್ಲಿಗೇರಿದ ವೀರರು. ಎರಡೂ ಒಂದೇ ಮನೆತನ. ಪ್ರತಿ ಬಾರಿಯೂ ಅವರು ಕೇಳಿಕೊಂಡ ಪ್ರಶ್ನೆ ಬಹುಶಃ ಒಂದೇ: ನಮ್ಮ ಸೀಮೆ ನಮ್ಮ ಕೈಯಲ್ಲಿ ಉಳಿಯುವುದು ಹೇಗೆ?

ಹೀಗೆ ಪಕ್ಷ ಬದಲಿಸಿದವರು ಅವರೊಬ್ಬರೇ ಅಲ್ಲ. ಹೈದರ್ ಮತ್ತು ಟಿಪ್ಪು ಇಬ್ಬರಿಗೂ ನಿಷ್ಠನಾಗಿದ್ದ ಪೂರ್ಣಯ್ಯ ಮುಂದೆ 1811ರವರೆಗೂ ಒಡೆಯರ ದಿವಾನರಾಗಿದ್ದರು. ಟಿಪ್ಪುವಿನ ಸೇನಾನಿ ಕಮರುದ್ದೀನ್ ಖಾನ್ ಗುರ್ರಂಕೊಂಡದ ಜಹಗೀರು ಪಡೆದ. ಚನ್ನಗಿರಿಯಲ್ಲಿ ಮರಾಠ ಮನೆತನದಲ್ಲಿ ಹುಟ್ಟಿದ ಧೋಂಡಿಯಾ ವಾಘ್ ಟಿಪ್ಪುವಿನ ಸೆರೆಯಲ್ಲಿದ್ದವನು. ಅವನೇ 1799ರಲ್ಲಿ ಬಿಡುಗಡೆಯಾಗಿ ಕಂಪನಿಯ ವಿರುದ್ಧ ಕಾದಾಡಿ 1800ರ ಸೆಪ್ಟೆಂಬರಿನಲ್ಲಿ ಮಡಿದ. ಸತ್ತವನ ಮಗನನ್ನು ಸಾಕಿಸಿದವನು ಅವನನ್ನು ಬೇಟೆಯಾಡಿದ ವೆಲ್ಲೆಸ್ಲಿ!

ಆಯ್ಕೆಯೇ ಇಲ್ಲದವರು

ಆಟದಲ್ಲಿ ಪಕ್ಷ ಆರಿಸುವವನು ನಾಯಕ. ಬಯಲಿನ ರೈತನಿಗೆ ಆ ಅವಕಾಶವಾದರೂ ಎಲ್ಲಿತ್ತು? ಸಾಲಗಾಮೆಯಂತಹ ಊರುಗಳು ಬಲಂನ ಕಾಡಿಗೂ ಶ್ರೀರಂಗಪಟ್ಟಣಕ್ಕೂ ನಡುವಿನ ಬಯಲಿನಲ್ಲಿವೆ. ಶತ್ರುವಿಗೆ ಮೇವು ಸಿಗಬಾರದೆಂದು ಸ್ವಂತ ದೊರೆಯ ಸೈನ್ಯವೇ ಹುಲ್ಲು, ಪೈರು ಸುಡುತ್ತಿದ್ದ ಕಾಲ ಅದು. ಉಳಿದದ್ದನ್ನು ಎದುರಾಳಿಯ ಸವಾರರು ದೋಚುತ್ತಿದ್ದರು. ರೈತನಿಗೆ ಉಳಿದಿದ್ದ ರಕ್ಷಣೆಯೆಂದರೆ ನೆಲದೊಳಗಿನ ಹಗೇವು. ಅದರ ಬಾಯಿಗೆ ಮಣ್ಣು ಮುಚ್ಚಿ ರಾಗಿಯನ್ನು ಅಡಗಿಸಿದರೆ ಯಾವ ಪಕ್ಷ ಗೆದ್ದರೂ ಮಕ್ಕಳಿಗೆ ಒಂದಿಷ್ಟು ಹಿಟ್ಟು ಉಳಿಯುತ್ತಿತ್ತು. ಎತ್ತುಗಳ ಮೇಲೆ ಧಾನ್ಯ ಹೇರಿಕೊಂಡು ಹೋಗುವ ಲಂಬಾಣಿಗಳು ಎಲ್ಲ ಸೈನ್ಯಗಳಿಗೂ ಧಾನ್ಯ ಮಾರುತ್ತಿದ್ದರು. ಅವರನ್ನು ದ್ರೋಹಿಗಳೆಂದು ಯಾರೂ ಕರೆಯಲಿಲ್ಲ, ಏಕೆಂದರೆ ಎಲ್ಲರಿಗೂ ಅವರು ಬೇಕಾಗಿದ್ದರು.

ಪಕ್ಷಗಳ ನಡುವಿನ ಇಕ್ಕಟ್ಟು ಇಸ್ಲಾಮೀ ಇತಿಹಾಸಕ್ಕೂ ಹೊಸದಲ್ಲ. ಕ್ರಿ.ಶ. 656ರ ಜಮಲ್ ಮತ್ತು 657ರ ಸಿಫ್ಫೀನ್ ಯುದ್ಧಗಳಲ್ಲಿ ಎರಡೂ ಕಡೆ ಪ್ರವಾದಿ(ಸ)ಯವರ ಸಂಗಾತಿಗಳಿದ್ದರು. ಹಝ್ರತ್ ಸಅದ್ ಬಿನ್ ಅಬೀ ವಕ್ಕಾಸ್(ರ), ಅಬ್ದುಲ್ಲಾ ಬಿನ್ ಉಮರ್(ರ)ರಂತಹವರು ಮುಸ್ಲಿಮರ ವಿರುದ್ಧವೇ ಖಡ್ಗ ಎತ್ತಲಾರೆವೆಂದು ದೂರ ಉಳಿದರು. ಹಝ್ರತ್ ಅಲಿ(ರ)ಯವರ ಜೊತೆ ನಿಂತವರು, ನ್ಯಾಯಬದ್ಧ ಖಲೀಫರನ್ನು ಬೆಂಬಲಿಸುವುದೇ ಕರ್ತವ್ಯವೆಂದು ಕಂಡುಕೊಂಡರು. ಮುಂದಿನ ವಿದ್ವಾಂಸರು ಈ ಬಗ್ಗೆ ಶತಮಾನಗಳ ಕಾಲ ಚರ್ಚಿಸಿದರು. ಆದರೆ ದೂರ ನಿಂತವರ ಈಮಾನನ್ನು ಅವರು ಸಂಶಯಿಸಲಿಲ್ಲ. ಆಯ್ಕೆಯ ಬಗ್ಗೆ ಭಿನ್ನಾಭಿಪ್ರಾಯವಿಟ್ಟುಕೊಂಡೂ ಆಯ್ಕೆ ಮಾಡಿದವರನ್ನು ಗೌರವಿಸುವ ಒಂದು ಶಿಸ್ತು ಅದರಲ್ಲಿದೆ.

ಆ ಶಿಸ್ತನ್ನು ನಾವು ನಮ್ಮ ನಾಡಿನ ಇತಿಹಾಸಕ್ಕೆ ಅನ್ವಯಿಸಿದ್ದೇವೆಯೇ? 2015ರಲ್ಲಿ ರಾಜ್ಯ ಸರಕಾರ ಟಿಪ್ಪು ಜಯಂತಿ ಆರಂಭಿಸಿದಾಗ ಮಡಿಕೇರಿಯಲ್ಲಿ ಗಲಭೆಯಾಗಿ ಪ್ರಾಣಹಾನಿಯಾಯಿತು. 2019ರಲ್ಲಿ ಮತ್ತೊಂದು ಸರಕಾರ ಅದನ್ನು ರದ್ದುಪಡಿಸಿತು. ಈ ನಡುವೆ ಶಾಲೆಗೆ ಹೋಗುವ ಮಕ್ಕಳು ಕೂಡ, ನೀನು ಟಿಪ್ಪುವಿನ ಪರವೋ ವಿರುದ್ಧವೋ ಎಂಬ ಪ್ರಶ್ನೆಗೆ ಉತ್ತರಿಸಬೇಕಾಯಿತು. ಮುಸ್ಲಿಂ ಹುಡುಗನ ಉತ್ತರವನ್ನು ಅವನ ಹೆಸರಿನಿಂದಲೇ ಊಹಿಸಲಾಗುತ್ತದೆ. ಅವನು ಎರಡು ನೂರು ವರ್ಷಗಳ ಹಿಂದಿನ ಸರಕಾರವೊಂದರ ವಕೀಲನೂ ಆಗಬೇಕು, ಆರೋಪಿಯೂ ಆಗಬೇಕು!

ಈ ಬಲೆಯಿಂದ ಹೊರಬರುವ ದಾರಿ ನಮ್ಮ ಧರ್ಮಗ್ರಂಥದಲ್ಲೇ ಇದೆ. ಸಾಕ್ಷ್ಯವು ತನಗೆ, ತನ್ನ ಹೆತ್ತವರಿಗೆ ಇಲ್ಲವೇ ಬಂಧುಗಳಿಗೆ ವಿರುದ್ಧವಾಗಿದ್ದರೂ ನ್ಯಾಯದ ಜೊತೆ ನಿಲ್ಲಬೇಕೆಂಬುದು ಪವಿತ್ರ ಕುರ್‌ಆನಿನ ಬೋಧನೆ. ಒಂದು ಜನಾಂಗದ ಮೇಲಿನ ದ್ವೇಷ ಅನ್ಯಾಯಕ್ಕೆ ಕಾರಣವಾಗಬಾರದೆಂದೂ ಅದು ಎಚ್ಚರಿಸುತ್ತದೆ. ಇದರಂತೆ ನಡೆಯುವುದಾದರೆ 1785ರ ಕೊಡಗಿನ ನೋವನ್ನು ಒಪ್ಪಿಕೊಳ್ಳುವುದು ಟಿಪ್ಪುವಿಗೆ ಮಾಡುವ ದ್ರೋಹವಲ್ಲ. ಶೃಂಗೇರಿಯ ಪತ್ರಗಳನ್ನು ಒಪ್ಪಿಕೊಳ್ಳುವುದು ಕೊಡವರಿಗೆ ಮಾಡುವ ಅವಮಾನವೂ ಅಲ್ಲ. ಎರಡೂ ಸತ್ಯ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ಧೈರ್ಯ ಎರಡೂ ಕಡೆಯವರಿಗೆ ಬೇಕು.

ಎಲ್ಲ ಪಕ್ಷಗಳಲ್ಲೂ ತಪ್ಪಿತ್ತು ಎಂದ ಮಾತ್ರಕ್ಕೆ ಎಲ್ಲ ಪಕ್ಷಗಳೂ ಸಮ ಎಂದು ಇದರ ಅರ್ಥವಲ್ಲ. ದೂರದ ದೇಶದ ಲಾಭಕ್ಕಾಗಿ ನಾಡನ್ನು ವಶಪಡಿಸಿಕೊಂಡ ಕಂಪನಿಯನ್ನೂ, ಅದರೊಡನೆ ಹೋರಾಡಿ ಕೋಟೆಯ ಬಾಗಿಲಲ್ಲಿ ಪ್ರಾಣ ಕೊಟ್ಟ ಸುಲ್ತಾನನನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೆ ದೊಡ್ಡ ಹೋರಾಟದ ಹೆಸರಿನಲ್ಲಿ ಬಲಹೀನರಿಗೆ ಆದ ಅನ್ಯಾಯ ಅಳಿಸಿಹೋಗುವುದಿಲ್ಲ. ಯಾರ ಪಕ್ಷ ಎಂಬ ಪ್ರಶ್ನೆಯ ಜೊತೆಗೆ, ಅಧಿಕಾರ ಕೈಗೆ ಬಂದಾಗ ದುರ್ಬಲನನ್ನು ಹೇಗೆ ನಡೆಸಿಕೊಂಡರು ಎಂಬುದನ್ನೂ ಕೇಳಬೇಕು. ಈ ಎರಡನೆಯ ಪ್ರಶ್ನೆಯನ್ನು ನಾವು ಸುಲ್ತಾನರಿಗೆ, ಪೇಶ್ವೆಗಳಿಗೆ, ಪಾಳೆಯಗಾರರಿಗೆ, ಇಂದಿನ ನಮ್ಮ ನೆಚ್ಚಿನ ನಾಯಕರಿಗೆ ಸಮಾನವಾಗಿ ಕೇಳಬಲ್ಲೆವಾದರೆ ಇತಿಹಾಸ ಓದಿದ್ದು ಸಾರ್ಥಕ.

ಕಂಪ್ಯೂಟರಿನ ಆಟಕ್ಕೂ ಬಲಂನ ಕಥೆಗೂ ಒಂದು ದೊಡ್ಡ ವ್ಯತ್ಯಾಸವಿದೆ. ಆಡುವ ಹುಡುಗನಿಗೆ ತಾನು ಸೇರಿದ ಪಕ್ಷ ಹಿಡಿಸದಿದ್ದರೆ ಹಿಂದೆ ಉಳಿಸಿಟ್ಟ ಹಂತಕ್ಕೆ ಮರಳಿ ಬೇರೆ ಪಕ್ಷ ಸೇರಬಹುದು. ಕೃಷ್ಣಪ್ಪ ನಾಯಕನಿಗೆ ಮಾರ್ಚಿಯ ಒಪ್ಪಂದ ಮುಂಚಿತವಾಗಿ ಗೊತ್ತಿರಲಿಲ್ಲ. ವೆಂಕಟಾದ್ರಿಗೆ ಎರಡನೆಯ ಅವಕಾಶವಿರಲಿಲ್ಲ. ಆದರೂ ಆ ಹುಡುಗ ನಮಗಿಂತ ಒಂದು ವಿಷಯದಲ್ಲಿ ಮುಂದಿದ್ದಾನೆ. ಪಕ್ಷ ಸೇರುವ ಮುಂಚೆ ಆತ ಎರಡೂ ಊರುಗಳಿಗೆ ಹೋಗುತ್ತಾನೆ, ಎರಡೂ ಕಡೆಯವರ ಮಾತು ಕೇಳುತ್ತಾನೆ, ಊರಿನ ಹಿಂದಿನ ಕೇರಿಯನ್ನೂ ನೋಡುತ್ತಾನೆ. ಮಂಜರಾಬಾದ್ ಕೋಟೆಗೆ ಮಕ್ಕಳನ್ನು ಕರೆದೊಯ್ಯುವ ತಂದೆ ತಾಯಿಯರು, ಶಿಕ್ಷಕರು ಅಷ್ಟನ್ನಾದರೂ ಮಾಡಬಹುದು. ಕೋಟೆ ಕಟ್ಟಿಸಿದ ಸುಲ್ತಾನನ ಕಥೆ ಹೇಳುವಾಗ ಆ ಕಾಡಿನಲ್ಲಿ ಗಲ್ಲಿಗೇರಿದ ನಾಯಕನ ಕಥೆಯನ್ನೂ, ನೆರೆನಾಡಿನಿಂದ ಸಾಗಿಸಲ್ಪಟ್ಟವರ ಕಥೆಯನ್ನೂ, ಹಗೇವಿನ ಬಾಯಿ ಮುಚ್ಚಿ ಕಾದು ಕುಳಿತ ರೈತನ ಕಥೆಯನ್ನೂ ಹೇಳಲಿ. ಯಾರ ಪಕ್ಷ ಎಂಬುದನ್ನು ಮಕ್ಕಳು ಆಮೇಲೆ ತಾವೇ ಯೋಚಿಸಿಕೊಳ್ಳುತ್ತಾರೆ.