ಶಾನುಭೋಗರ ಕಡತದಿಂದ ಗಣಕಯಂತ್ರಕ್ಕೆ

ಮೊನ್ನೆ ಬೆಟ್ಟದಪುರಕ್ಕೆ ಹೋಗಿದ್ದಾಗ ನಮ್ಮ ನೆಂಟರೊಬ್ಬರು ಟ್ರಂಕಿನಿಂದ ಹಳೆಯದೊಂದು ಪಹಣಿಯನ್ನು ತೆಗೆದು ತೋರಿಸಿದರು. ಕೈಬರಹ, ಶಾಯಿ ಕಂದಿದೆ. "ಇಂಥದ್ದನ್ನೂ ಈಗ ಯಂತ್ರವೇ ಓದುತ್ತದಂತೆ. ಹಾಗಾದರೆ ಖಾತೆಯನ್ನೂ ಅದೇ ಮಾಡಿಕೊಡಬಾರದೇಕೆ?" ಎಂದರು. ಕೃತಕ ಬುದ್ಧಿಮತ್ತೆಯ ಸುದ್ದಿ ಸಿಡಿಲು ಮಲ್ಲಿಕಾರ್ಜುನನ ಬೆಟ್ಟದ ಬುಡಕ್ಕೂ ಬಂದಿದೆ! ನನಗೆ ಆ ಕಾಗದದ ಚರಿತ್ರೆಯೇ ನೆನಪಾಯಿತು.

1963ರ ಫೆಬ್ರವರಿಯಲ್ಲಿ ಗ್ರಾಮಾಧಿಕಾರ ರದ್ದತಿಯ ಕಾನೂನು ಜಾರಿಗೆ ಬಂದು ವಂಶಪಾರಂಪರ್ಯದ ಶಾನುಭೋಗಿಕೆ ಹೋಯಿತು, ಗ್ರಾಮಲೆಕ್ಕಿಗರು ಬಂದರು. ಕಡತ ಮಾತ್ರ ಒಬ್ಬರ ಕೈಯಲ್ಲೇ ಉಳಿಯಿತು. ನಕಲು ಬೇಕಾದ ರೈತ ಅವರನ್ನು ಹುಡುಕಿಕೊಂಡು ಅಲೆಯಬೇಕು, ಕೆಲವೊಮ್ಮೆ ಕೈ ಬಿಸಿಯನ್ನೂ ಮಾಡಬೇಕು.

1991ರಲ್ಲಿ ಗುಲ್ಬರ್ಗ ಜಿಲ್ಲೆಯಲ್ಲಿ ಇದನ್ನೆಲ್ಲ ಗಣಕಯಂತ್ರಕ್ಕೆ ತುಂಬುವ ಪ್ರಯೋಗ ನಡೆಯಿತು. 1996ರಲ್ಲಿ ಎಲ್ಲ ಜಿಲ್ಲೆಗಳಿಗೂ ಮಂಜೂರಾತಿ ದೊರೆಯಿತು. ಆದರೆ ಜಮೀನು ಕೈಬದಲಾದಾಗ ದಾಖಲೆ ತಿದ್ದುವುದು ತಾಲ್ಲೂಕು ಕಚೇರಿಯಲ್ಲಿ. ಅಲ್ಲಿ ಯಂತ್ರವಿಡುವ ಏರ್ಪಾಡೇ ಇರಲಿಲ್ಲ! ತುಂಬಿ ಮುಗಿಸುವಷ್ಟರಲ್ಲಿ ಲೆಕ್ಕ ಹಳತಾಗುತ್ತಿತ್ತು. ಯಾವ ಕೆಲಸಕ್ಕೆ ಯಂತ್ರ ಎಂಬುದನ್ನು ಯಾರೂ ಸರಿಯಾಗಿ ಕೇಳಿಕೊಂಡಿರಲಿಲ್ಲವೆಂದು ತೋರುತ್ತದೆ.

ಆ ತಪ್ಪನ್ನು ತಿದ್ದಿದ್ದು 'ಭೂಮಿ' ಯೋಜನೆ. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಯಂತ್ರಕ್ಕೇರಿದವು. ಆಗ ತಾಲ್ಲೂಕಿನಲ್ಲೇ 15 ರೂಪಾಯಿಗೆ ನಕಲು ಸಿಗುತ್ತಿತ್ತು. ಖಾತೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳಬೇಕು. ಅಧಿಕಾರಿಯ ಬೆರಳಚ್ಚಿಲ್ಲದೆ ತಿದ್ದುಪಡಿಯಿಲ್ಲ. ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. ಆದರೂ ನೋಟೀಸು ಕೊಟ್ಟು 30 ದಿನ ಕಾಯುವುದನ್ನು ಆಗ ಬಿಡಲಿಲ್ಲ. ತಕರಾರು ಬಂದರೆ ವಿಚಾರಣೆ ಮನುಷ್ಯರದೇ. ಅವಸರದವರಿಗೆ ಇದು ದಂಡದ ಕಾಲಹರಣ. ನನಗೆ ಹಾಗೆನ್ನಿಸದು. ವಂಶವೃಕ್ಷದಲ್ಲಿ ಹೆಸರು ಬಿಟ್ಟುಹೋದ ಹೆಣ್ಣುಮಗಳು ಬಂದು "ನನಗೂ ಪಾಲುಂಟು" ಎನ್ನಲು ಇದ್ದುದು ಆ 30 ದಿನವೇ ತಾನೆ?

2024ರಲ್ಲಿ ಆರಂಭವಾದ ಭೂ ಸುರಕ್ಷಾ ಯೋಜನೆಯಲ್ಲಿ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಿಸಲಾಗುತ್ತಿದೆ. ಅವನ್ನು ಓದಿ ಬೇಕಾದ ಹಾಳೆಯನ್ನು ಹುಡುಕಿಕೊಡುವ ಕೆಲಸವನ್ನು ಹೊಸ ಯಂತ್ರಕ್ಕೆ ಧಾರಾಳವಾಗಿ ಒಪ್ಪಿಸಬಹುದು. ತಪ್ಪು ಓದಿದರೆ ಮೂಲದೊಡನೆ ತಾಳೆ ನೋಡಲು ಬರುತ್ತದೆ.

ನೆಂಟರಿಗೆ ಇಷ್ಟನ್ನು ಹೇಳಿ, ಕಾಗದವನ್ನು ಬೆಳಕಿಗೆ ಹಿಡಿದು ನೋಡಿದೆ. ಅವರ ಸೋದರತ್ತೆಯ ಹೆಸರಿತ್ತು. ಅದರ ಮೇಲೊಂದು ಗೆರೆ ಎಳೆದಿತ್ತು.

"ಇದನ್ನು ಹೊಡೆದುಹಾಕಿದವರು ಯಾರು?"

ಅವರು ಕಾಗದವನ್ನು ಮಡಿಸಿ ಟ್ರಂಕಿಗೆ ಹಾಕಿದರು. ಅಷ್ಟರಲ್ಲಿ ಕಾಫಿ ಬಂತು.